ಸೋಮನೂರಿನ ಕಿವಿಗಳು

ಕಿವಿ ಪರೀಕ್ಷೆಯ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಈಗಲೂ ಒಮ್ಮೊಮ್ಮೆ ಮನೆಗೆ ಬಂದು, "ಅಮ್ಮಾ, ನಿಮ್ಮ ಅನುಭವ ಹೇಳಿ" ಎಂದು ಕೂರುತ್ತಾರೆ. ಅವರಿಗೆ ಬೇಕಾದದ್ದು ಕಷ್ಟದ ಕೇಸುಗಳು, ದೊಡ್ಡ ಡಾಕ್ಟರುಗಳ ಮೆಚ್ಚುಗೆ, ಯಾವ ಯಂತ್ರ ಒಳ್ಳೆಯದು ಎಂಬ ವಿಷಯ. ಅದನ್ನೆಲ್ಲ ಹೇಳಿ ಕಳಿಸುತ್ತೇನೆ. ಹೇಳಬೇಕಾದದ್ದು ಉಳಿದೇಬಿಡುತ್ತದೆ. ಎದುರಿಗೆ ಕೂತು ಹೇಳುವುದಕ್ಕೆ ಮುಖವಿಲ್ಲದ್ದರಿಂದ ಬರೆಯುತ್ತಿದ್ದೇನೆ. ನನಗೆ ಕನ್ನಡದ ಅಕ್ಷರ ಕಲಿಸಿದವರು ಕೊಳ್ಳೇಗಾಲದಿಂದ ಸೋಮನೂರಿಗೆ ಮದುವೆಯಾಗಿ ಬಂದ ನನ್ನ ತಾಯಿ. ಈ ಬರಹದ ಭಾಷೆ ತಿದ್ದಿಕೊಟ್ಟವಳು ಸಹನಾ. ಅವಳ ವಿಷಯ ಮುಂದೆ ಬರುತ್ತದೆ.

ನಾನು ಕೆಲಸ ಮಾಡಿದ್ದು ಕೊಯಮತ್ತೂರಿನ ಒಂದು ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಲ್ಲಿ. ಕೆಲಸ ನೋಡುವುದಕ್ಕೆ ಬಹಳ ಸುಲಭ. ಹೊರಗಿನ ಸದ್ದು ಹೊಗದ ಒಂದು ಸಣ್ಣ ಕೋಣೆಯಲ್ಲಿ ರೋಗಿಯನ್ನು ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಬೇಕು. ಗಾಜಿನ ಈಚೆ ನಾನು ಕೂತು ಯಂತ್ರದಿಂದ ಒಂದೊಂದೇ ಸ್ವರ ಕೊಡಬೇಕು. ಕೇಳಿಸಿದರೆ ಅವರು ಬೆರಳೆತ್ತುತ್ತಾರೆ, ಕೇಳಿಸದಿದ್ದರೆ ಸುಮ್ಮನಿರುತ್ತಾರೆ. ಎಷ್ಟು ಸಣ್ಣ ಸದ್ದಿನವರೆಗೆ ಬೆರಳು ಏಳುತ್ತದೆ ಎಂದು ಗುರುತು ಹಾಕುತ್ತಾ ಹೋದರೆ ಪರೀಕ್ಷೆ ಮುಗಿಯಿತು.

ಸೇರಿದ ಹೊಸದರಲ್ಲೇ ನನಗೆ ಬಿದ್ದ ಮೊದಲ ಪೆಟ್ಟು ನನ್ನ ಗಂಟಲಿಗೆ. ಕೊಯಮತ್ತೂರಿನ ಹತ್ತಿರದ ಸೋಮನೂರಿನ ನಮ್ಮ ಬೀದಿಯಲ್ಲಿ ಮನೆಮನೆಗೂ ವಿದ್ಯುತ್ ಮಗ್ಗ. ನಾವು ಅದನ್ನು ತಮಿಳರ ಹಾಗೆ 'ತರಿ' ಎನ್ನುತ್ತೇವೆ. ತರಿ ಓಡುವ ಮನೆಯಲ್ಲಿ ಹುಟ್ಟಿದವರು ಉಪ್ಪು ಕೇಳುವುದಕ್ಕೂ ಕೂಗಬೇಕು. ಆಸ್ಪತ್ರೆಯಲ್ಲೂ ನಾನು ಹಾಗೆಯೇ ಮಾತಾಡುತ್ತಿದ್ದೆ. ಒಂದು ಬೆಳಿಗ್ಗೆ ದೊಡ್ಡ ಡಾಕ್ಟರು ತಮ್ಮ ಕೋಣೆಯಿಂದ ಹೊರಗೆ ಬಂದು, ರೋಗಿಗಳೆಲ್ಲ ಸಾಲಾಗಿ ಕೂತಿದ್ದ ಜಾಗದಲ್ಲಿ, "ಎನ್ನಮ್ಮಾ, ಇದು ಎನ್ನ ಸಂದೆಯಾ?" ಎಂದರು. ಇದೇನು ಸಂತೆಯೇ ಎಂದು. ಎಲ್ಲರೂ ನಕ್ಕರು. ಅವತ್ತಿನಿಂದ ದನಿ ತಗ್ಗಿಸುವುದನ್ನು ಕಲಿತೆ. ಎಷ್ಟು ಚೆನ್ನಾಗಿ ಕಲಿತೆನೆಂದರೆ, ಯಾವ ಊರು ಎಂದು ಯಾರಾದರೂ ಕೇಳಿದರೆ "ಇಲ್ಲೇ ಆರ್.ಎಸ್. ಪುರಂ" ಎನ್ನತೊಡಗಿದೆ. ಮದುವೆಯಾಗಿ ಸೇರಿದ ಮನೆ ಅಲ್ಲಿತ್ತು, ಆದ್ದರಿಂದ ಸುಳ್ಳೇನೂ ಅಲ್ಲ.

ಎರಡನೆಯ ಪೆಟ್ಟು ಕೆಲಸದ್ದೇ. ಪೊಳ್ಳಾಚಿ ಕಡೆಯಿಂದ ಒಬ್ಬ ಮುದುಕಿಯನ್ನು ಮಗ ಕರೆದುಕೊಂಡು ಬಂದಿದ್ದ. ನಾನು ಸ್ವರ ಕೊಟ್ಟಾಗಲೆಲ್ಲ ಆಕೆ ಬೆರಳೆತ್ತಿದಳು. ಕಿವಿ ಚೆನ್ನಾಗಿದೆ ಎಂದು ಬರೆದು ಕಳಿಸಿದೆ. ಡಾಕ್ಟರು ಆಕೆಯ ಬೆನ್ನ ಹಿಂದೆ ನಿಂತು ಹೆಸರು ಕೇಳಿದರು. ಆಕೆ ತಿರುಗಿಯೂ ನೋಡಲಿಲ್ಲ. ಆಮೇಲೆ ತಿಳಿಯಿತು, ಗುಂಡಿ ಒತ್ತುವಾಗ ನನ್ನ ಭುಜ ಅಲುಗುತ್ತಿತ್ತು. ಗಾಜಿನಲ್ಲಿ ಅದನ್ನು ನೋಡಿ, ಪಾಪ ಮರ್ಯಾದೆಗೆಂದು ಆಕೆ ಬೆರಳೆತ್ತುತ್ತಿದ್ದಳು. ಡಾಕ್ಟರು ನನ್ನನ್ನು ಕರೆಸಿ, "ರುಕ್ಮಿಣಿ, ನೀನು ಈಕೆಯ ಕಣ್ಣು ಪರೀಕ್ಷೆ ಮಾಡಿದ್ದೀಯ" ಎಂದರು. ರೋಗಿಯ ಕುರ್ಚಿಯನ್ನು ಓರೆಯಾಗಿ ಹಾಕಬೇಕು, ನಿಮ್ಮ ಕೈ ಅವರಿಗೆ ಕಾಣಬಾರದು ಎಂದು ಈಗ ಮೊದಲ ದಿನವೇ ಕಲಿಸುತ್ತಾರೆ. ನಾನು ಕಲಿತದ್ದು ಹೀಗೆ.

ಬರಬರುತ್ತಾ ಕೆಲಸ ಬದಲಾಯಿತು. ತಿರುಪಿನ ಯಂತ್ರ ಹೋಗಿ ಕಂಪ್ಯೂಟರ್ ಬಂತು. ಬೆರಳೆತ್ತಲಾರದ ಹಸುಗೂಸಿನ ಕಿವಿಯನ್ನೂ ಅದು ಮಲಗಿರುವಾಗಲೇ ನೋಡುವ ಉಪಾಯ ಬಂತು. ಕಾಲೇಜುಗಳಿಂದ ಇಂಟರ್ನ್‌ಶಿಪ್ಪಿಗೆ ಮಕ್ಕಳು ಬರತೊಡಗಿದರು. ನಾನು ಅವರಿಗೆ ಹಿರಿಯಳಾದೆ. ನಿಜ ಹೇಳಬೇಕೆಂದರೆ, ಅವರಿಂದ ಫೈಲು ಹೊರಿಸುತ್ತಿದ್ದೆ, ಟೋಕನ್ ಕೂಗಿಸುತ್ತಿದ್ದೆ, ತಿಂಗಳ ಕೊನೆಗೆ ಸಹಿ ಹಾಕುತ್ತಿದ್ದೆ. ಪ್ರತಿ ತಂಡಕ್ಕೂ ತಪ್ಪದೆ ಹೇಳುತ್ತಿದ್ದ ಪಾಠ ಒಂದಿತ್ತು: "ಕಿವಿ ಕೇಳಿಸದವರು ಕೇಳಿಸಲಿಲ್ಲ ಅಂತ ಹೇಳೋದಿಲ್ಲ. 'ಸರಿ ಸರಿ' ಅಂತಾರೆ. ಏನು ಕೇಳಿದರೂ 'ಸರಿ ಸರಿ' ಅನ್ನೋರನ್ನ ಕಂಡರೆ ಮೊದಲು ಪರೀಕ್ಷೆ ಮಾಡಿ." ಈ ಮಾತು ಹೇಳುವಾಗ ನನಗೇ ನನ್ನ ಮೇಲೆ ಮೆಚ್ಚುಗೆಯಾಗುತ್ತಿತ್ತು.

ಇದೇ ವರ್ಷಗಳಲ್ಲಿ ನನಗೂ ನನ್ನ ಅಣ್ಣನಿಗೂ ಮಾತು ನಿಂತುಹೋಗಿತ್ತು. ಅಣ್ಣ ರಾಮಲಿಂಗ ಸೋಮನೂರಿನಲ್ಲೇ ಇದ್ದು ಅಪ್ಪನ ತರಿಗಳನ್ನು ನಡೆಸುತ್ತಿದ್ದ. ನನ್ನ ಗಂಡನಿಗೆ ಹೃದಯದ ಆಪರೇಷನ್ ಎಂದು ಗೊತ್ತಾದಾಗ ಮೊದಲು ಫೋನ್ ಮಾಡಿದ್ದು ಅವನಿಗೆ. "ಅಣ್ಣಾ, ನಾಳೆ ಆಪರೇಷನ್. ಭಯ ಆಗ್ತಾ ಇದೆ, ಬಾ" ಎಂದೆ. ಅವನು "ಸರಿ ಸರಿ, ಸರಿಮ್ಮಾ" ಎಂದು ಇಟ್ಟುಬಿಟ್ಟ. ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಗಂಡ ಗುಣವಾಗಿ ಮನೆಗೆ ಬಂದ ಮೇಲೆ ಅತ್ತಿಗೆ ಯಾರಿಂದಲೋ ಸುದ್ದಿ ತಿಳಿದು, ಹಣ್ಣಿನ ಚೀಲ ಹಿಡಿದು ಓಡಿಬಂದಳು. ನಾನು ಬಾಗಿಲಲ್ಲೇ ನಿಂತು, "ಅಣ್ಣನಿಗೆ ಹೇಳಿದ್ದೆ. ಅವನೇ ಸರಿ ಅಂದ" ಎಂದೆ. ಅತ್ತಿಗೆ ಹೋಗಿ ಗಂಡನನ್ನು ಕೇಳಿದರೆ ಅವನು, "ಅವಳು ನಂಗೆ ಆಪರೇಷನ್ ಅಂತ ಹೇಳಲೇ ಇಲ್ಲೆ" ಎಂದನಂತೆ. ಅವನು ಸುಳ್ಳು ಹೇಳಿದ ಎಂದು ನಾನು, ನಾನು ಸುಳ್ಳು ಹೇಳಿದೆ ಎಂದು ಅವನು. ಆಮೇಲೆ ಆ ಬೀದಿಗೆ ನಾನು ಕಾಲಿಡಲಿಲ್ಲ.

'ಸರಿ ಸರಿ'ಯ ಪಾಠ ಹೇಳುತ್ತಿದ್ದವಳಿಗೆ ಆ ಫೋನಿನ 'ಸರಿ ಸರಿ' ಒಮ್ಮೆಯೂ ನೆನಪಾಗಲಿಲ್ಲವೇ ಎಂದು ನೀವು ಕೇಳಬಹುದು. ಇಲ್ಲ. ಬೇರೆಯವರ ಮೌನ ನನಗೆ ರೋಗವಾಗಿ ಕಾಣುತ್ತಿತ್ತು. ಅಣ್ಣನ ಮೌನ ಸೊಕ್ಕಾಗಿ ಕಂಡಿತು.

ನಿವೃತ್ತಿಗೆ ಮುಂಚಿನ ವರ್ಷ ಸಹನಾ ಬಂದಳು. ದಾವಣಗೆರೆಯ ಹುಡುಗಿ, ಕಿವಿ ಮತ್ತು ಮಾತಿನ ಚಿಕಿತ್ಸೆಯ ವಿದ್ಯಾರ್ಥಿನಿ. ಮೊದಲ ದಿನ ಕೈಯಿಂದ ಪೆಟ್ಟಿಗೆ ಜಾರಿ ನಾನು "ಅಯ್ಯೋ ಶಿವನೇ" ಎಂದದ್ದೇ ತಡ, ಅವಳ ಮುಖ ಅರಳಿತು. "ಮೇಡಂ, ನೀವು ಕನ್ನಡದವರಾ?"

"ಮನೇಲಿ ಪೇಸೋದು ಕನ್ನಡವೇ" ಎಂದೆ. 'ಮಾತಾಡೋದು' ಎನ್ನುವಲ್ಲಿ ತಮಿಳಿನ 'ಪೇಸೋದು' ಬಂದದ್ದಕ್ಕೆ ನಾಲಿಗೆ ಕಚ್ಚಿಕೊಂಡೆ. ಅವಳು ನಕ್ಕದ್ದು ಪ್ರೀತಿಯಿಂದ. ನನಗೆ ಮಾತ್ರ ಸಂತೆಯ ಮಾತು ಮತ್ತೆ ಕೇಳಿದಂತಾಯಿತು. ಆಮೇಲೆ ಅವಳ ಜೊತೆ ತಮಿಳಿನಲ್ಲೇ ಮಾತಾಡಿದೆ. ಅವಳಿಗೆ ಅರ್ಧ ಅರ್ಥವಾಗುತ್ತಿತ್ತು, ಅರ್ಧ ಆಗುತ್ತಿರಲಿಲ್ಲ. ಆದರೂ ಬಿಡಲಿಲ್ಲ ನಾನು.

ಇಂಟರ್ನ್‌ಶಿಪ್ಪಿನ ಜೊತೆಗೆ ಪ್ರತಿಯೊಬ್ಬರೂ ಸ್ವತಂತ್ರವಾಗಿ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ಸಾಮಾನ್ಯವಾಗಿ ಮಕ್ಕಳು ಆಸ್ಪತ್ರೆಯ ಹಳೆಯ ಫೈಲುಗಳನ್ನೇ ತಿರುವಿ ಮುಗಿಸುತ್ತಿದ್ದರು. ಸಹನಾ ಬಂದು, "ಮೇಡಂ, ಪವರ್‌ಲೂಮ್ ಕೆಲಸಗಾರರ ಕಿವಿ ಪರೀಕ್ಷೆ ಮಾಡ್ತೀನಿ. ಸೋಮನೂರು ಕಡೆ ತುಂಬಾ ಜನ ಇದ್ದಾರಂತೆ, ಕನ್ನಡದವರೂ ಇದ್ದಾರಂತೆ" ಎಂದಳು.

"ಅಲ್ಲೆಲ್ಲ ಯಾರೂ ಒಪ್ಪೋದಿಲ್ಲ. ಬಸ್ಸಿನಲ್ಲಿ ಅಲೆದು ಸಾಯ್ತೀಯ. ಫೈಲುಗಳಲ್ಲೇ ಮಾಡು, ನಾನೇ ತೆಗೆದುಕೊಡ್ತೀನಿ."

"ಒಂದು ಸಲ ಕೇಳಿ ನೋಡ್ತೀನಿ ಮೇಡಂ."

ಅವಳು ವಿಭಾಗದ ಮುಖ್ಯಸ್ಥೆಯ ಹತ್ತಿರ ಹೋದಳು. ಅವರು ಒಪ್ಪಿದ್ದಲ್ಲದೆ, "ರುಕ್ಮಿಣಿಯಮ್ಮನನ್ನು ಕರೆದುಕೊಂಡು ಹೋಗು, ಅವರ ಊರೇ ಅದು" ಎಂದುಬಿಟ್ಟರು. ನಾನು ಮುಚ್ಚಿಟ್ಟುಕೊಂಡಿದ್ದೇನೆ ಎಂದುಕೊಂಡದ್ದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಹೊರಗೆ ಬಂದ ಸಹನಾ ಏನನ್ನೂ ಕೇಳಲಿಲ್ಲ. ಅದು ಇನ್ನೂ ಕಷ್ಟವಾಯಿತು.

ತರಿ ಓಡುವ ಬೀದಿಯಲ್ಲಿ ಕಿವಿ ಪರೀಕ್ಷೆ ಮಾಡುವುದು ಹೇಗೆ? ಅಲ್ಲಿ ಸದ್ದಿಲ್ಲದ ಜಾಗವೇ ಇಲ್ಲ. ಆಗ ಸಹನಾಳೇ ಹುಡುಕಿದಳು: ರಿಪೇರಿಗೆಂದು ತಿಂಗಳಿಗೊಮ್ಮೆ ಹಗಲೆಲ್ಲ ಕರೆಂಟ್ ತೆಗೆಯುವ ದಿನ. ಗಾಂಧಿಪುರಂನಲ್ಲಿ ಬಸ್ ಹತ್ತಿದೆವು. ಬ್ಯಾಟರಿಯಲ್ಲಿ ನಡೆಯುವ ಯಂತ್ರದ ಪೆಟ್ಟಿಗೆಯನ್ನು ಅವಳು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದಳು. ನಾನು ಕಿಟಕಿಯ ಕಡೆ ತಿರುಗಿ, ಅಣ್ಣ ಬರುವುದಿಲ್ಲ, ಅವನಿಗೆ ಇಂಥದ್ದೆಲ್ಲ ಆಗಿಬರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಬೀದಿಯ ಕೊನೆಯ ಮದುವೆ ಮಂಟಪದಲ್ಲಿ ಜಾಗ ಕೊಟ್ಟಿದ್ದರು. ತರಿಗಳೆಲ್ಲ ನಿಂತಿದ್ದರಿಂದ ಊರು ಊರಿನ ಹಾಗಿರಲಿಲ್ಲ. ಕಾಗೆ ಕೂಗುವುದು ಕೇಳುತ್ತಿತ್ತು. ಜನ ಬಂದರು, ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ಬಂದರು. ಒಬ್ಬ ಅಜ್ಜಿ ಸಹನಾಳ ಎದುರು ಕೂತು, "ನಮ್ಮನೇಲಿ ಹಗಲೂ ರಾತ್ರಿ ಸತ್ತ, ಬರೀ ಸತ್ತ, ಕೇಳಿ ಕೇಳಿ ಸಾಕಾಗಿದೆ" ಎಂದಳು. ಸಹನಾ ಗಾಬರಿಯಿಂದ ನನ್ನ ಕಡೆ ನೋಡಿ, "ಯಾರು ತೀರಿಕೊಂಡ್ರಂತೆ ಮೇಡಂ?" ಎಂದಳು. ತಮಿಳಿನ 'ಸತ್ತಂ', ನಮ್ಮ ಬಾಯಲ್ಲಿ 'ಸತ್ತ', ಸದ್ದು ಎಂದರ್ಥ ಎಂದು ಹೇಳಿದೆ. ಅಜ್ಜಿಯೂ ನಕ್ಕಳು, ಎಲ್ಲರೂ ನಕ್ಕರು. ಆ ಒಂದು ನಗುವಿನಲ್ಲಿ ನಾನೂ ಅಲ್ಲಿಯವಳಾಗಿದ್ದೆ. ಅಷ್ಟರಲ್ಲಿ ಅಣ್ಣ ಬಂದ.

ಬಿಳಿ ಪಂಚೆ, ಹೆಗಲಿನ ಮೇಲೆ ಟವೆಲು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬೀದಿಗೆ ಹಿರಿಯನಾಗಿ ಏನು ನಡೆಯುತ್ತಿದೆ ಎಂದು ನೋಡಲು ಬಂದವನು ನನ್ನನ್ನು ಕಂಡು ನಿಂತ. ನನ್ನ ಮುಖವನ್ನೇ ನೋಡಿದ. ನಾನು ಮುಖ ತಿರುಗಿಸಿಕೊಂಡು ಫಾರಂಗಳನ್ನು ಜೋಡಿಸತೊಡಗಿದೆ. ಸಹನಾಳಿಗೆ ಅವನು ಯಾರೆಂದು ಗೊತ್ತಿಲ್ಲ. "ಬನ್ನಿ, ಕೂತ್ಕೊಳ್ಳಿ" ಎಂದು ಕೂರಿಸಿ, ಕುರ್ಚಿಯನ್ನು ಓರೆಮಾಡಿ ಹೆಡ್‌ಫೋನ್ ಹಾಕಿದಳು.

ಬೆರಳು ಏಳಲಿಲ್ಲ. ಅವಳು ಸದ್ದು ಏರಿಸಿದಳು. ಬೆರಳು ಏಳಲಿಲ್ಲ. ದೂರದಲ್ಲಿ ಕೂತ ನನಗೆ ಮೊದಲು ಬಂದ ಯೋಚನೆ ಏನು ಗೊತ್ತೇ? ನನ್ನ ಮೇಲಿನ ಕೋಪಕ್ಕೆ ಇವನು ಬೇಕೆಂದೇ ಕೈ ಕಟ್ಟಿ ಕೂತಿದ್ದಾನೆ, ಇಲ್ಲೂ ಹಟ! ಅಷ್ಟು ವರ್ಷ ಅದೇ ಕೆಲಸ ಮಾಡಿದವಳ ತಲೆಗೆ ಬಂದದ್ದು ಇದು. ಸಹನಾ ಇನ್ನೂ ಏರಿಸಿದಳು. ಹೆಡ್‌ಫೋನಿನಿಂದ ಸದ್ದು ಹೊರಗೆ ಸೋರಿ ನನಗೇ ಸಣ್ಣಗೆ ಕೇಳಿಸುವಷ್ಟಾದಾಗ ಅವನ ಬೆರಳು ನಿಧಾನವಾಗಿ ಎದ್ದಿತು.

ಅವಳು ಹೆಡ್‌ಫೋನ್ ತೆಗೆದು, "ನಿಮಗೆ ಫೋನಿನಲ್ಲಿ ಮಾತಾಡೋಕೆ ಕಷ್ಟ ಆಗುತ್ತಾ?" ಎಂದು ಕೇಳಿದಳು.

"ಸರಿ ಸರಿ" ಎಂದ ಅಣ್ಣ. ಮುಖದ ತುಂಬ ನಗು.

ಕೈಯಲ್ಲಿದ್ದ ಕಾಗದಗಳು ಅಲ್ಲೇ ನಿಂತವು. ಎದ್ದು ಹೋಗಿ ಸಹನಾಳನ್ನು ತಡೆಯಬೇಕಿತ್ತು. ಏಳಲಿಲ್ಲ. ಅವಳು, ಕೇಳಿಸಲಿ ಎಂದು, ಓದಿದ ಹುಡುಗಿಯ ಸ್ಪಷ್ಟವಾದ ದನಿಯಲ್ಲಿ ಗಟ್ಟಿಯಾಗಿ, "ನಿಮಗೆ ಎರಡೂ ಕಿವಿ ತುಂಬಾ ಕಡಿಮೆ ಕೇಳಿಸುತ್ತೆ! ಮೆಷಿನ್ ಹಾಕ್ಕೋಬೇಕು!" ಎಂದಳು. ಕಿವಿ ಕೇಳಿಸದವನಿಗೆ ಗುಟ್ಟು ಹೇಳಲಾಗದು. ಅವನೊಬ್ಬನಿಗೆ ಮುಟ್ಟಬೇಕಾದ ಮಾತು ಮಂಟಪಕ್ಕೆಲ್ಲ ಮುಟ್ಟಿತು. ಹಿಂದಿನ ಸಾಲಿನಲ್ಲಿ ಯಾರೋ "ಸೆವುಡ" ಎಂದು ಕಿಸಕ್ಕೆಂದರು. ಕಿವುಡ ಎಂಬುದಕ್ಕೆ ನಮ್ಮ ಬೀದಿಯ ಬೈಗುಳ ಅದು.

ಅಣ್ಣ ಎದ್ದು ನಿಂತ. "ನಂಗೆಲ್ಲಾ ಕೇಳುತ್ತೆ. ಈ ಹುಡುಗೀ ಕನ್ನಡದ ಅರ್ಥವೇ ಯಾರಿಗೂ ಪುರಿಯೋದಿಲ್ಲೆ. ಯಾವೂರ ಕನ್ನಡ ಇದು?" ಎಂದು ಜನರ ಕಡೆ ತಿರುಗಿ ಹೇಳಿದ. ಆಮೇಲೆ ನನ್ನ ಹತ್ತಿರ ಬಂದು, "ಮಾನ ತೆಗೆಯೋಕೆ ಆಳು ಕರ್ಕೊಂಡು ಬಂದೆಯಾ ರುಕ್ಕು?" ಎಂದ. ಮೆಲ್ಲಗೆ ಹೇಳಿದೆ ಎಂದುಕೊಂಡಿದ್ದ. ಅದೂ ಎಲ್ಲರಿಗೂ ಕೇಳಿಸಿತು.

ಅವನು ಹೋದ ಮೇಲೆ ಒಬ್ಬೊಬ್ಬರೇ ಎದ್ದರು. "ಅಡುಗೆ ಇದೆ," "ಆಮೇಲೆ ಬರ್ತೀನಿ." ಸೆವುಡ ಅನ್ನಿಸಿಕೊಳ್ಳುವುದಕ್ಕೆ ಯಾರು ಕೂರುತ್ತಾರೆ?

ಸಹನಾ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು. ಸೂಲೂರು ದಾಟಿದ ಮೇಲೆ, "ಅವರು ನಿಮ್ಮ ಅಣ್ಣನಾ ಮೇಡಂ?" ಎಂದಳು. ಹೌದೆಂದೆ. ಅವಳ ಕಣ್ಣು ತುಂಬಿಕೊಂಡಿತು. "ನಾನು ತಪ್ಪು ಮಾಡಿದೆ. ಹಾಗೆ ಕೂಗಬಾರದಿತ್ತು. ಅವರು ಒಳಗೆ ಬಂದಾಗ ನಿಮ್ಮ ತುಟೀನೇ ನೋಡ್ತಾ ಇದ್ರು ಮೇಡಂ, ಏನಾದರೂ ಹೇಳ್ತೀರೇನೋ ಅಂತ. ನೀವು ಮುಖ ತಿರುಗಿಸಿಕೊಂಡ್ರಿ."

ಆರೋಪ ಮಾಡುವ ದನಿಯಲ್ಲ ಅದು. ಕಂಡದ್ದನ್ನು ಹೇಳಿದಳು, ಅಷ್ಟೆ. ಕಿವಿ ಸೋತವರು ತುಟಿ ನೋಡುತ್ತಾರೆ ಎಂದು ಅವಳಿಗೆ ಕಲಿಸಿದವಳೇ ನಾನು. ಫಲಿತಾಂಶವನ್ನು ಒಬ್ಬ ಮನುಷ್ಯನಿಗೆ ಹೇಗೆ ಹೇಳಬೇಕು ಎಂಬುದನ್ನು ಮಾತ್ರ ಯಾವ ತಂಡಕ್ಕೂ ಕಲಿಸಿರಲಿಲ್ಲ. ಆಸ್ಪತ್ರೆಯಲ್ಲಿ ಅದು ಡಾಕ್ಟರ ಕೆಲಸ. ನಾವು ಕಾಗದ ಕೊಟ್ಟು ಕಳಿಸುವವರು.

"ಇನ್ನು ಸಾಕು, ಫೈಲುಗಳಲ್ಲಿ ಮುಗಿಸು" ಎಂದೆ. ಅವಳು ತಲೆಯಾಡಿಸಿದಳು. ಒಪ್ಪಿಗೆ ಎಂದುಕೊಂಡೆ. ಆದರೆ ಮುಂದಿನ ತಿಂಗಳು ಕರೆಂಟ್ ತೆಗೆಯುವ ದಿನದ ಹಿಂದಿನ ಸಂಜೆ ಬಂದು, "ನಾಳೆ ಹೋಗ್ತಾ ಇದೀನಿ. ಬರ್ತೀರಾ ಮೇಡಂ?" ಎಂದಳು. ತಲೆನೋವು ಎಂದೆ. ತಲೆಯೇನೂ ನೋಯುತ್ತಿರಲಿಲ್ಲ.

ಅವಳು ಒಬ್ಬಳೇ ಹೋದಳು. ಮಂಟಪಕ್ಕಲ್ಲ, ನೇರವಾಗಿ ಅಣ್ಣನ ಮನೆಗೆ. ಅತ್ತಿಗೆ ಕಾಫಿ ಕೊಟ್ಟಳಂತೆ. ಸಹನಾ ಬೆಳಕು ತನ್ನ ಮುಖದ ಮೇಲೆ ಬೀಳುವ ಹಾಗೆ ಅಣ್ಣನೆದುರು ಕೂತು, ನಿಧಾನವಾಗಿ, ಕೂಗದೆ, "ಅವತ್ತು ಎಲ್ಲರ ಮುಂದೆ ಹೇಳಿದ್ದು ನನ್ನ ತಪ್ಪು, ಕ್ಷಮಿಸಿ" ಎಂದಳಂತೆ. ಅವನಿಗೆ ಕನ್ನಡ ಓದಲು ಬಾರದು; ತಮಿಳು ಬರುತ್ತದೆ. ಅವಳು ಹಾಸ್ಟೆಲಿನ ಗೆಳತಿಯಿಂದ ಬರೆಸಿಕೊಂಡು, ಅದನ್ನೇ ತಿದ್ದಿ ತಿದ್ದಿ ಕಲಿತು, ಅದೇ ಮಾತನ್ನು ತಮಿಳಿನಲ್ಲೂ ಬರೆದು ತೋರಿಸಿದಳು. ಅಕ್ಷರಗಳು ಸೊಟ್ಟಗಿದ್ದವಂತೆ. ಅಣ್ಣ ನಕ್ಕುಬಿಟ್ಟ. ಆಮೇಲೆ ಅವನೇ ಅವಳನ್ನು ಮನೆಮನೆಗೆ ಕರೆದುಕೊಂಡು ಹೋದ. ಒಳಕೋಣೆಯಲ್ಲಿ ಬಾಗಿಲು ಮುಚ್ಚಿ ಪರೀಕ್ಷೆ, ಬಾಗಿಲು ಮುಚ್ಚಿಯೇ ಫಲಿತಾಂಶ. "ಯಾರಿಗೆ ಹೇಳಲಿ? ನಿಮಗೊಬ್ಬರಿಗೇನಾ, ಮನೆಯವರೂ ಇರಲಾ?" ಎಂದು ಮೊದಲೇ ಕೇಳುವುದು ಅವಳೇ ಕಂಡುಕೊಂಡ ಪದ್ಧತಿ. ನಾನು ಇದ್ದ ವಿಭಾಗದಲ್ಲಿ ಈಗ ಅದೇ ನಡೆಯುತ್ತಿದೆ.

ಮರುದಿನ ಇದನ್ನೆಲ್ಲ ಹೇಳಿ ಮುಗಿಸಿ, "ಇನ್ನೊಂದು ಮೇಡಂ" ಎಂದಳು. "ನಿಮ್ಮ ಅಣ್ಣ ಒಂದು ಕೆಲಸ ಹೇಳಿದ್ದಾರೆ. 'ಅವತ್ತು ಫೋನಿನಲ್ಲಿ ನನ್ನ ತಂಗಿ ಏನು ಹೇಳಿದಳು, ಕೇಳ್ಕೊಂಡು ಬಂದು ನನಗೆ ಹೇಳ್ತೀಯಾಮ್ಮಾ?' ಅಂದ್ರು. ಯಾವ ಫೋನು ಮೇಡಂ?"

ಎದ್ದು ಒಳಗೆ ಹೋದೆ. ಆ ದಿನವೇ ಸೋಮನೂರಿಗೆ ಹೋದೆ ಎಂದು ಬರೆಯಲು ಇಷ್ಟವಿತ್ತು. ಹೋಗಲಿಲ್ಲ. ವಾರಗಳೇ ಕಳೆದವು.

ಪ್ರಾಜೆಕ್ಟಿನ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬ ಪ್ರೊಫೆಸರ್ ಬಂದಿದ್ದರು. ಸಹನಾ ಮೊದಲ ದಿನ ಮಂಟಪದಲ್ಲಿ ನಡೆದದ್ದನ್ನು ಮುಚ್ಚಿಡದೆ ವರದಿಯಲ್ಲಿ ಬರೆದಿದ್ದಳು, ಹೆಸರು ಮಾತ್ರ ಹಾಕಿರಲಿಲ್ಲ. ಪ್ರೊಫೆಸರ್ ಆ ಪುಟ ತೋರಿಸಿ ಕಟುವಾಗಿ ಕೇಳಿದರು: "ಒಬ್ಬ ವ್ಯಕ್ತಿಗೆ ಸಾರ್ವಜನಿಕವಾಗಿ ಹೀಗೆ ಅವಮಾನ ಮಾಡಿದ್ದೀರಿ. ಅಲ್ಲಿ ಹಿರಿಯರು ಯಾರೂ ಇರಲಿಲ್ಲವೇ?"

ನಾನು ಅದೇ ಕೋಣೆಯಲ್ಲಿ, ಮಾರ್ಗದರ್ಶಕಿಯ ಕುರ್ಚಿಯಲ್ಲಿ ಕೂತಿದ್ದೆ.

ಸಹನಾ ನನ್ನ ಕಡೆ ನೋಡಲೂ ಇಲ್ಲ. "ತಪ್ಪು ನನ್ನದು ಸರ್. ನಾನು ಆತುರಪಟ್ಟೆ" ಎಂದಳು. ಅವರು ಏನೋ ಗುರುತು ಹಾಕಿಕೊಂಡರು. ನಾನು ಬಾಯಿ ಬಿಡಬಹುದಿತ್ತು. 'ನಾನಿದ್ದೆ, ತಡೆಯಲಿಲ್ಲ, ಆತ ನನ್ನ ಅಣ್ಣ' ಎಂದು ಮೂರು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಪ್ರೊಫೆಸರ್ ಮುಂದಿನ ಪುಟ ತಿರುವಿದರು. ನನ್ನ ವೃತ್ತಿಯಲ್ಲಿ ಎಷ್ಟೋ ತಪ್ಪು ಮಾಡಿದ್ದೇನೆ. ಹೆಚ್ಚಿನವು ತಿಳಿಯದೆ ಮಾಡಿದವು. ಇದು ತಿಳಿದೂ ಮಾಡಿದ್ದು. ಅವರು ಪುಟ ತಿರುವುತ್ತಿರುವುದನ್ನು ನೋಡುತ್ತಲೇ ಸುಮ್ಮನಿದ್ದೆ.

ಹೊರಗೆ ಬಂದಾಗ ಅವಳು ಎಂದಿನ ಹಾಗೆ, "ಊಟ ಆಯ್ತಾ ಮೇಡಂ?" ಎಂದಳು. ಅದನ್ನು ತಡೆದುಕೊಳ್ಳಲಾಗಲಿಲ್ಲ. ಮತ್ತೆ ಒಳಗೆ ಹೋಗಿ ಪ್ರೊಫೆಸರಿಗೆ ಹೇಳಿದೆ. ಅವರು ಅಂಕಗಳನ್ನು ಬರೆದು ಲಕೋಟೆ ಮುಚ್ಚಿಯಾಗಿತ್ತು. "ಈಗ ಹೇಳಿ ಏನಮ್ಮಾ ಪ್ರಯೋಜನ?" ಎಂದರು. ಸರಿಯಾದ ಮಾತು. ಅಲ್ಲಿಂದ ಮನೆಗೆ ಹೋಗದೆ ನೇರವಾಗಿ ಬಸ್ ಹತ್ತಿದೆ.

ಅಣ್ಣ ಜಗಲಿಯಲ್ಲಿ ಕೂತಿದ್ದ. ಅವನ ಎದುರು, ಮುಖ ಕಾಣುವ ಹಾಗೆ ಕೂತೆ. ಒಳಗೆ ತರಿಗಳು ಓಡುತ್ತಿದ್ದವು. ಅವನ ಮಗ ಬಂದು ನಮ್ಮನ್ನು ನೋಡಿ, ಒಳಗೆ ಹೋಗಿ ತರಿ ನಿಲ್ಲಿಸಿದ.

"ಅವತ್ತು ಫೋನಲ್ಲಿ, ನಾಳೆ ಅವರಿಗೆ ಆಪರೇಷನ್, ಭಯ ಆಗ್ತಿದೆ, ಬಾ ಅಣ್ಣಾ ಅಂದೆ" ಎಂದೆ, ಒಂದೊಂದೇ ಮಾತಾಗಿ.

ಅವನು ನನ್ನ ತುಟಿ ನೋಡುತ್ತಲೇ ಇದ್ದ. ಪೂರ್ತಿ ಆದ ಮೇಲೆ ಟವೆಲಿನಿಂದ ಮುಖ ಒರೆಸಿಕೊಂಡ. "ನೋಂಬಿ ಹತ್ತಿರ ಇತ್ತಲ್ಲಾ. ನೋಂಬಿಗೆ ಬಾ ಅಂತೀಯ ಅನ್ಕೊಂಡೆ. 'ಬಾ' ಒಂದೇ ಕೇಳಿಸ್ತು." ನೋಂಬಿ ಎಂದರೆ ನಮ್ಮಲ್ಲಿ ಹಬ್ಬ. ಅವನು ಆ ಹಬ್ಬಕ್ಕೆ ಹೊಸ ಸೀರೆ ಹಿಡಿದು ಬರಬೇಕೆಂದಿದ್ದನಂತೆ. ಅಷ್ಟರಲ್ಲಿ ಅತ್ತಿಗೆ ನನ್ನ ಮನೆ ಬಾಗಿಲಿನಿಂದ ಅಳುತ್ತಾ ಹಿಂದಿರುಗಿದ್ದಳು.

"ಇನ್ನೊಂದು ಸಲ ಹೇಳು ಅನ್ನಬಾರದಿತ್ತಾ ಅಣ್ಣಾ?"

"ಎಷ್ಟು ಸಲ ಅಂತ ಕೇಳೋದು ರುಕ್ಕು? ನಾಚಿಕೆ ಆಗುತ್ತಲ್ಲಾ."

ಆಮೇಲೆ ಅವನು ಆಸ್ಪತ್ರೆಗೆ ಬಂದ. ಕಿವಿಯ ಅಚ್ಚು ತೆಗೆದವಳು ನಾನೇ, ಮೆಷಿನ್ ಹೊಂದಿಸಿದವಳೂ ನಾನೇ. ಮೊದಲ ಸಲ ಹಾಕಿಕೊಂಡಾಗ ಫ್ಯಾನಿನ ಕಡೆ ನೋಡಿದ, ಎದ್ದು ನಡೆದಾಗ ತನ್ನ ಚಪ್ಪಲಿಯ ಕಡೆ ನೋಡಿದ. ತರಿಯ ಹತ್ತಿರ ಹಾಕಬಾರದು, ತೆಗೆದಿಡಬೇಕು ಎಂದು ಮತ್ತೆ ಮತ್ತೆ ಹೇಳಿ ಕಳಿಸಿದೆ.

ನಾನು ನಿವೃತ್ತಳಾದ ಮೇಲಿನ ಒಂದು ಭಾನುವಾರ ಅವನ ಮನೆಗೆ ಹೋಗಿದ್ದೆ. ಊಟವಾಗಿ ಮಾತಾಡುತ್ತಾ ಕೂತಿದ್ದೆವು. ಯಾವುದೋ ತರಿಯಲ್ಲಿ ನೂಲು ಹರಿಯಿತೆಂದು ಮಗ ಕರೆದ. ಅಣ್ಣ ಮೆಷಿನ್ ತೆಗೆಯುವುದನ್ನು ಮರೆತು ಹಾಗೆಯೇ ಎದ್ದುಹೋದ. "ಅಣ್ಣಾ, ಕಿವೀದು ತೆಗಿ!" ಎಂದು ನಾನು ಹಿಂದೆಯೇ ಓಡಿದೆ.

ತರಿ ಶೆಡ್ಡಿನ ಬಾಗಿಲು ದಾಟಿದವನೇ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಗೋಡೆಗೆ ಒರಗಿಬಿಟ್ಟ. ಮೆಷಿನ್ ಕಿತ್ತು ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತ. ಮುಖ ಬಿಳಿಚಿಕೊಂಡಿತ್ತು.

"ಇಷ್ಟು ಸತ್ತವಾ ಇಲ್ಲಿ?" ಎಂದ. ತನ್ನ ಆಯುಷ್ಯವನ್ನೆಲ್ಲ ಕಳೆದ ಜಾಗದ ಬಗ್ಗೆ ಹೀಗೆ ಕೇಳಿದ. ಆಮೇಲೆ ಶೆಡ್ಡಿನ ಕಡೆ ತಿರುಗಿ, "ಪಾಪೂನೂ ಇದರೊಳಗೇ ತಾನೆ ಮಲಗಿಸೋದು?" ಎಂದ.

ಪಾಪು ಅವನ ಮೊಮ್ಮಗಳು. ಸೊಸೆ ತರಿ ನೋಡಿಕೊಳ್ಳುವಾಗ ಕಣ್ಣಿಗೆ ಕಾಣಲಿ ಎಂದು, ಶೆಡ್ಡಿನ ತೊಲೆಗೆ ಸೀರೆಯ ಜೋಲಿ ಕಟ್ಟಿ ಮಲಗಿಸಿದ್ದರು. ನಾನು ಬಂದಾಗಲೇ ನೋಡಿದ್ದೆ. ನೋಡಿ, ಎಷ್ಟು ಚೆನ್ನಾಗಿ ನಿದ್ದೆ ಮಾಡುತ್ತಿದೆ ಎಂದುಕೊಂಡು ಊಟಕ್ಕೆ ಕೂತಿದ್ದೆ.

ಅಣ್ಣ ಮೆಷಿನ್ನನ್ನು ಮತ್ತೆ ಕಿವಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದ. ಅವನ ದನಿಯಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ: "ನಿನ್ನ ವೇಲೆ, ನಿನ್ನ ಕೆಲಸವೇ ಇದು ತಾನೆ ರುಕ್ಕು. ಇಷ್ಟು ವರುಷ ನಮಗೆ ಯಾಕೆ ಬಂದು ಹೇಳಲಿಲ್ಲೆ?"

"ಈ ಊರಿನವಳು ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗ್ತಿತ್ತು ಅಣ್ಣಾ" ಎಂದೆ.

ಅವನಿಗೆ ಕೇಳಿಸಿತು. ಏನಾದರೂ ಬೈದಿದ್ದರೆ ಚೆನ್ನಾಗಿತ್ತು. ಮೆಷಿನ್ ತೆಗೆದು ಜೇಬಿಗೆ ಹಾಕಿಕೊಂಡು ಒಳಗೆ ಹೋದ. ಜೋಲಿಯಿಂದ ಮಗುವನ್ನು ಎತ್ತಿಕೊಂಡು ಬಂದು ನನ್ನ ಕೈಗೆ ಕೊಟ್ಟ. "ಸತ್ತ ಇಲ್ಲದ ಕಡೆಗೆ ಕರ್ಕೊಂಡು ಹೋಗು. ದೂರ" ಎಂದ.

ಬೀದಿಯ ಆಚೆಗೆ, ತರಿ ಇಲ್ಲದ ಒಬ್ಬ ನೆಂಟರ ಮನೆಗೆ ಅತ್ತಿಗೆ ನನ್ನನ್ನು ಕರೆದೊಯ್ದಳು. ಒಳಕೋಣೆಯ ಬಾಗಿಲು ಮುಚ್ಚಿ ಮಗುವನ್ನು ಚಾಪೆಯ ಮೇಲೆ ಮಲಗಿಸಿದೆ. ಸದ್ದೆಲ್ಲ ನಿಂತದ್ದೇ ಅದು ಬೆಚ್ಚಿ ಕಣ್ಣುಬಿಟ್ಟಿತು. ಸುತ್ತ ನೋಡಿ ಅಳತೊಡಗಿತು.

"ಸತ್ತ ಇಲ್ಲದೆ ನಿದ್ದೆ ಮಾಡೋದು ಅವಳಿಗೆ ತಿಳಿಯೋದಿಲ್ಲೆ" ಎಂದಳು ಅತ್ತಿಗೆ.

ಮಗುವನ್ನು ಹೆಗಲಿಗೆ ಹಾಕಿಕೊಂಡು ಆ ಕೋಣೆಯಲ್ಲಿ ಆಚೆಗೂ ಈಚೆಗೂ ನಡೆದೆ. ಅದು ಮಲಗುವುದಕ್ಕೆ ಬಹಳ ಹೊತ್ತು ಹಿಡಿಯಿತು.